ಎರಡು ಸಲ ಒತ್ತಿದ ಹರಕೆ

ಮೇಳದ ಆಫೀಸಿನಿಂದ ಫೋನು ಬಂದಾಗ ನಾನು ಬ್ರಹ್ಮಾವರದ ಒಂದು ಅಕ್ಕಿ ಮಿಲ್ಲಿನಲ್ಲಿ ಮೇಜಿನಡಿ ಅಂಗಾತ ಮಲಗಿ ಪ್ರಿಂಟರಿನ ವಯರು ಹುಡುಕುತ್ತಿದ್ದೆ.

“ಟೀಚರ್ದ್ ಆಟ ಬಪ್ಪ ವಾರ ಇತ್ತ್ ಕಾಣಿ,” ಎಂದರು ಮೇಳದ ಮ್ಯಾನೇಜರು. “ಪೂಜೆಗ್ ಯಾರ್ ನಿಲ್ತ್ರಿ?”

ಏಳಲು ಹೋಗಿ ಮೇಜಿಗೆ ತಲೆ ಬಡಿಸಿಕೊಂಡೆ. ಟೀಚರ್ ತೀರಿಕೊಂಡದ್ದು ಕಳೆದ ಮಳೆಗಾಲದಲ್ಲಿ. “ಅವ್ರ್ ಇಲ್ಲ ಅಲ್ದಾ?” ಎಂದೆ, ಅವರಿಗೆ ಗೊತ್ತಿಲ್ಲವೇನೋ ಎಂಬಂತೆ.

“ಅವ್ರ್ ಇಲ್ದಿರೆ ಎಂತ, ದಿನ ಇತ್ತಲ್ದಾ. ಮತ್ತೆ ಹರಕಿ ಎಂತಕ್ಕೆ ಅಂದ್ ಭಟ್ರ್ ಕೇಂತ್ರ್, ಅದೊಂದ್ ತಿಳ್ಕಂಡ್ ಬನಿ. ಕಂಪ್ಯೂಟ್ರಂಗೆ ‘ಆಮೇಲೆ ಹೇಳ್ತೆ’ ಅಂತ್ಲೇ ಇತ್ತ್.”

ನನಗೆ ತಲೆ ನೋಯುತ್ತಿತ್ತು, ಅದರ ಮೇಲೆ ಇದು. ಟೀಚರ್ ಏನು ಹರಕೆ ಹೇಳಿಕೊಂಡಿದ್ದರು ಎಂದು ನನ್ನನ್ನು ಕೇಳಿದರೆ ನಾನು ಏನು ಹೇಳಲಿ? ಆ ಹರಕೆ ಹುಟ್ಟಿದ್ದು ದೇವರ ಮುಂದಲ್ಲ, ಮ್ಯಾನೇಜರ ತೋರುಬೆರಳಿನ ತುದಿಯಲ್ಲಿ. ಅದು ಹುಟ್ಟುವಾಗ ನಾನು ಇರಲಿಲ್ಲ, ಆದರೆ ಅದಕ್ಕೆ ಹೆಸರಿಡುವಾಗ ಅಲ್ಲೇ ನಿಂತಿದ್ದೆ. ಆಗಲೂ ನನಗೆ ಅರ್ಥವಾಗಿರಲಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಒಂದಿಷ್ಟು ಹೇಳಬೇಕು. ಕಷ್ಟ ಕಳೆದರೆ ಒಂದು ಆಟ ಆಡಿಸುತ್ತೇನೆ ಎಂದು ಇಲ್ಲಿಯ ಜನ ಹರಕೆ ಹೊರುತ್ತಾರೆ. ಆಟ ಅಂದರೆ ಯಕ್ಷಗಾನ. ದೇವಸ್ಥಾನದ ಮೇಳ ಅವರ ಮನೆ ಬಯಲಿಗೆ ಬಂದು ಆಡಿ ಹೋಗುತ್ತದೆ. ನಾನು ಹೇಳುತ್ತಿರುವ ಮೇಳ ಸಿದ್ದಾಪುರದ ಕಡೆಯ ಒಂದು ಅಮ್ಮನವರ ದೇವಸ್ಥಾನದ್ದು. ಬೇಡಿಕೆ ಎಷ್ಟೆಂದರೆ, ಇವತ್ತು ಬರೆಸಿದವರ ಮನೆಗೆ ಮೇಳ ಬರುವಷ್ಟರಲ್ಲಿ ತೊಟ್ಟಿಲ ಮಗು ಹೈಸ್ಕೂಲಿಗೆ ಹೋಗುತ್ತಿರುತ್ತದೆ. ಜನ ಕಾಯುತ್ತಾರೆ. ದಿನ ಸಿಕ್ಕಿತಲ್ಲ, ಅಷ್ಟೇ ಅವರಿಗೆ ಸಮಾಧಾನ.

ಟೀಚರ್ ಅಂದರೆ ಶಾಲೆಯ ಟೀಚರ್ ಅಲ್ಲ. ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಾಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿಯಿತು ಅಂತ ಉಳಿದವರು ಬಾಗಿಲು ಹಾಕಿದಾಗ ಇವರು ಹಾಕಲಿಲ್ಲ. ಒಂದು ಕಂಪ್ಯೂಟರ್ ತರಿಸಿ, ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತಾವೇ ಪ್ರೋಗ್ರಾಮ್ ಬರೆಯುವುದು ಕಲಿತರು. ನಾನು ಅದೇ ಕಟ್ಟಡದ ಕೆಳಗೆ ಕಂಪ್ಯೂಟರ್ ರಿಪೇರಿಯವ. ಟೀಚರ್ ಬರೆದದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗಿ ಗೇರುಬೀಜದ ಕಾರ್ಖಾನೆಗೋ, ಐಸ್ ಪ್ಲಾಂಟಿಗೋ, ಡಾಕ್ಟರ ಕ್ಲಿನಿಕ್ಕಿಗೋ ಹಾಕಿ ಬರುವುದು ನನ್ನ ಕೆಲಸವಾಯಿತು. ಪೆನ್‌ಡ್ರೈವಿನೊಳಗೆ ಇರುವುದು ಏನು ಎಂದು ನನಗೆ ಗೊತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಹೊರುವವನಿಗೆ ಅಡಿಗೆ ಗೊತ್ತಿರಬೇಕೆಂದು ಎಲ್ಲಿದೆ?

ಅವರು ಕೀಬೋರ್ಡ್ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಬೆರಳು ಒಂದೇ ಸಮ ಓಡುತ್ತಿದ್ದರೆ ಕಣ್ಣು ಕಿಟಕಿಯ ಹೊರಗೆ. ಸಂಜೆ ಕಂಡಕ್ಟರು ಬೈಂದೂರು ಬೈಂದೂರು ಎಂದು ಕೂಗಿದ ಕೂಡಲೇ ಕೈ ನಿಲ್ಲುತ್ತಿತ್ತು, ಶಬ್ದದ ಅರ್ಧದಲ್ಲಾದರೂ ಸರಿ. ಕೊಡೆ ಮಣಿಕಟ್ಟಿಗೆ ಸಿಕ್ಕಿಸಿಕೊಂಡು ದಡದಡ ಇಳಿದು ಹೋಗುವುದೇ. ಕೊಡೆಗೆ ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲ. ಮರುದಿನ ಕಿರಿಮಂಜೇಶ್ವರದಿಂದ ಬಂದು ಉಳಿದರ್ಧ ಶಬ್ದದಿಂದ ಶುರು. ನಾನು ಮೇಲೆ ಹೋದಾಗೆಲ್ಲ ಅವರ ಚಹಾ ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು. ಪೆನ್ಸಿಲ್ ತುದಿಯಿಂದ ಕೆನೆ ಎತ್ತಿ ಬದಿಗಿಟ್ಟು, ಔಷಧಿಯ ಹಾಗೆ ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಬಿಸಿ ಇರುವಾಗ ಕುಡಿಯಬಾರದೇ ಎಂದರೆ, “ಬಿಸಿ ಇಪ್ಪತಿಗೆ ನೆನಪಾತಿಲ್ಲ ಮಾರಾಯಾ” ಅನ್ನುವರು.

ಅವರ ಪ್ರೋಗ್ರಾಮಿನಲ್ಲಿ ಬಟನ್ನುಗಳು ಕಡಿಮೆ. ಬೇರೆಯವರು ಬೂದಿ ಬಣ್ಣದ ಚೌಕ ಬಟನ್ ಇಟ್ಟು ‘ಸೇವ್’ ಎಂದು ಬರೆಯುವ ಕಡೆ ಇವರು ನೀಲಿ ಅಕ್ಷರದಲ್ಲಿ, ಅಡಿಗೆರೆ ಎಳೆದು, ಒಂದು ಪೂರ್ತಿ ವಾಕ್ಯ ಬರೆಯುತ್ತಿದ್ದರು. ಲಿಂಕ್. ಇಂಟರ್ನೆಟ್ಟಿನಲ್ಲಿ ಇರುತ್ತದಲ್ಲ, ಅಂಥದ್ದನ್ನು ಆಫೀಸಿನ ಕಂಪ್ಯೂಟರಿನ ಫಾರ್ಮಿನೊಳಗೆ ತಂದು ಕೂರಿಸುವುದು.

“ಬಟನ್ ಇಟ್ರೆ ಸಾಕಲ್ದಾ?” ಎಂದು ನಾನೊಮ್ಮೆ ಕೇಳಿದ್ದೆ.

“ಬಟನ್ ಅಂದ್ರೆ ಕರೆಗಂಟಿ ಇದ್ದಾಂಗೆ. ಒತ್ತಿ, ಒಳಗಿಂದ ಯಾರ್ ಬತ್ರ್ ಅಂದ್ ಕಾಯ್ಕ್. ಲಿಂಕ್ ಅಂದ್ರೆ ಮಾತ್. ಎಂತ ಮಾಡ್ತೆ ಅಂಬುದನ್ನ ಅದೇ ಮೊದ್ಲ್ ಹೇಳತ್ತ್.” ಮತ್ತೆ, “ಆದ್ರೆ ಗೆರೆ ಎಳುದ್ ಸುಲಭ. ಒತ್ತಿದ್ ಮೇಲೆ ಎಂತ ಆಯ್ಕ್ ಅಂದ್ ನಾವ್ ಬರಿಯದಿದ್ರೆ ಅದ್ ಬರೀ ಗೆರೆ. ಒತ್ತಿರೆ ಎಲ್ಲಿಗೂ ಹೋತಿಲ್ಲ,” ಎಂದರು.

ಒತ್ತಿ ಕೆಲಸ ಮುಗಿದ ಲಿಂಕಿನ ನೀಲಿ ಹೋಗಿ ಮಾಸಲು ಬೂದಿಯಾಗುವ ಹಾಗೆ ಅವರು ಬರೆಯುತ್ತಿದ್ದರು. ಕಂಡ ಕೂಡಲೇ ತಿಳಿಯಬೇಕು, ಇದು ಆಗಿದೆ, ಇದು ಆಗಿಲ್ಲ ಅಂತ. ಇನ್ನೊಂದು ಹಟ ಇತ್ತು. ‘ಖಂಡಿತವೇ?’ ಎಂದು ಕೇಳುವ ಸಣ್ಣ ಕಿಟಕಿ ಅವರ ಯಾವ ಪ್ರೋಗ್ರಾಮಿನಲ್ಲೂ ಇರಲಿಲ್ಲ. ಒಬ್ಬರು ಒಂದು ಮಾತು ಹೇಳಿದ ಮೇಲೆ ಹೌದೋ ಹೌದೋ ಎಂದು ಕೇಳುವುದು ಮರ್ಯಾದೆಯಲ್ಲ ಎನ್ನುತ್ತಿದ್ದರು.

ಅವರಿಗೆ ಪಿತ್ತ ನೆತ್ತಿಗೇರುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮೂರಿನವರು ಯಾವುದನ್ನೂ ಒಂದು ಸಲ ಒತ್ತುವುದಿಲ್ಲ. ಕಂಪ್ಯೂಟರ್ ಬಂದ ಹೊಸತರಲ್ಲಿ ಯಾರೋ ಡಬಲ್ ಕ್ಲಿಕ್ ಎಂದು ಹೇಳಿಕೊಟ್ಟರು ನೋಡಿ, ಅಲ್ಲಿಂದ ಇವತ್ತಿನವರೆಗೆ ಎಲ್ಲದಕ್ಕೂ ಎರಡು ಏಟು. ಲಿಂಕಿಗೆ ಒಂದೇ ಸಾಕು. “ಒಂದೇ ಸಲ, ಮೆಲ್ಲ” ಎಂದು ಟೀಚರ್ ಹೋದಲ್ಲೆಲ್ಲ ಹೇಳುವರು, ಎಲ್ಲರೂ ತಲೆಯಾಡಿಸಿ ಟಕಟಕ ಎಂದು ಎರಡು ಸಲ ಒತ್ತುವರು. ಇದರಲ್ಲಿ ಎಲ್ಲರಿಗಿಂತ ಮುಂದೆ ಮೇಳದ ಮ್ಯಾನೇಜರು. ಹಿಂದೆ ಮದ್ದಳೆ ಬಾರಿಸುತ್ತಿದ್ದವರು, ಬೆರಳಿಗೆ ಅದೇ ರೂಢಿ. “ಒಂದ್ ಸಲ ಒತ್ತಿರೆ ಅದ್ಕ್ ಕೇಂತಿಲ್ಲ ಟೀಚ್ರೆ” ಎನ್ನುತ್ತಿದ್ದರು.

ಮೇಳದ ಪ್ರೋಗ್ರಾಮಿನ ಫಾರ್ಮಿನಲ್ಲಿ ಮೇಲೆ ಹರಕೆಯವರ ಹೆಸರು, ಊರು, ಹರಕೆಯ ಕಾರಣ. ಕೆಳಗೆ ಎರಡು ನೀಲಿ ವಾಕ್ಯ. ಒಂದು, ‘ಮುಂದಿನ ಖಾಲಿ ದಿನವನ್ನು ಇವರ ಹೆಸರಿಗೆ ಗೊತ್ತು ಮಾಡಿ’. ಇನ್ನೊಂದು, ಆಟ ಆದ ಮೇಲೆ ಒತ್ತಲಿಕ್ಕೆ, ‘ಸೇವೆ ಮುಗಿಯಿತು’. ಮೊದಲಿನದನ್ನು ಒತ್ತಿದರೆ ದಿನ ಬರೆದು ಚೀಟಿ ಹೊರಬರುತ್ತದೆ. ಆ ಚೀಟಿಯನ್ನು ಭಟ್ಟರು ಒಳಗೆ ಕೊಂಡುಹೋಗಿ ಅಮ್ಮನ ಪಾದದ ಬುಡದಲ್ಲಿಟ್ಟು, ಕುಂಕುಮ ಹಚ್ಚಿ, ಪ್ರಸಾದದ ಜೊತೆ ತಂದು ಕೊಡುವುದು ಅಲ್ಲಿಯ ಕ್ರಮ. ಹಾಗೆ ಒಳಗೆ ಹೋಗಿ ಬಂದ ದಿನ ಮತ್ತೆ ಮನುಷ್ಯರದಲ್ಲ.

ಮರವಂತೆ ಕಡೆಯ ಒಬ್ಬ ಹೆಂಗಸು ಬಂದಿದ್ದರು, ಮೀನು ಮಾರುವವರು. ಅವರ ಮಗ ಹೋಗಿದ್ದ ಬೋಟು ಗಾಳಿಗೆ ಸಿಕ್ಕಿ ಸುದ್ದಿಯೇ ಇಲ್ಲದೆ, ಕಡೆಗೆ ಹೇಗೋ ದಡ ಸೇರಿತ್ತು. ಅದಕ್ಕೆ ಒಂದು ಆಟದ ಹರಕೆ. ಮ್ಯಾನೇಜರು ಟಕಟಕ ಎಂದರು. ಮೊದಲ ಏಟಿಗೆ ಒಂದು ದಿನ ಬಿತ್ತು, ಎರಡನೇ ಏಟಿಗೆ ಅದರ ಮರುದಿನವೂ ಅವರ ಹೆಸರಿಗೇ ಬಿತ್ತು. ಎರಡು ಚೀಟಿ ಬಂದವು. ಭಟ್ಟರು ಎರಡನ್ನೂ ಒಳಗಿಟ್ಟು ತಂದರು. ಆ ಹೆಂಗಸು ಎರಡಕ್ಕೂ ಕೈಮುಗಿದು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಮನೆಯಲ್ಲಿ ಮಗ ಓದಿ ಹೇಳಿದಾಗಲೇ ಗೊತ್ತಾದದ್ದು.

ಟೀಚರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾನು ಹೋದಾಗ ಆಫೀಸಿನಲ್ಲಿ ಯಾರಿಗೂ ಏನೂ ತೋಚದ ಸ್ಥಿತಿ. ಕಂಪ್ಯೂಟರಿನಿಂದ ಅಳಿಸಲಿಕ್ಕೆ ನಿಮಿಷ ಸಾಕು. ಆದರೆ ಅಳಿಸುವವರು ಯಾರು? ಮ್ಯಾನೇಜರು ಭಟ್ಟರ ಮುಖ ನೋಡಿದರು. ಭಟ್ಟರು, “ಒಳಗೆ ಇಟ್ಟದ್ದು ನಾನು ಹೌದು, ಒಳಗಿನದ್ದನ್ನು ಹೊರಗೆ ಹಾಕಲಿಕ್ಕೆ ನಾನ್ಯಾರು?” ಎಂದು ನನ್ನ ಮುಖ ನೋಡಿದರು. ನಾನು ಪ್ರಿಂಟರ್ ನೋಡಿದೆ. ಮರವಂತೆಯ ಆ ಅಮ್ಮ ಬಾಗಿಲ ಹತ್ತಿರ ನೆಲದಲ್ಲಿ ಕೂತಿದ್ದರು, ಬೆಂಚಿನಲ್ಲಿ ಕೂರಿ ಎಂದರೂ ಕೂರದೆ.

“ನಾನ್ ಹೇಳ್ಕಂಡದ್ ಒಂದೇ ಆಟ,” ಎಂದರು. “ಎರ್ಡ್ ಆಡ್ಸುಕೆ ನಮ್ಮಂಥೋರಿಗ್ ಆಪುದಲ್ಲ. ಆದ್ರೆ ಅಮ್ಮನ ಕಾಲ್ ಬುಡಕ್ ಹೋಯಿ ಬಂದದ್ದನ್ನ ಬ್ಯಾಡ ಅಂಬುಕೆ ನಂಗ್ ಹೆದ್ರಿಕಿ. ನಾಳೆ ಮತ್ತ್ ನನ್ನ್ ಮಾಣಿ ಬೋಟಿಗ್ ಹೋಪವ.”

ಟೀಚರ್ ಅವರನ್ನೇ ನೋಡುತ್ತ ನಿಂತರು. ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಇಷ್ಟು. ಹರಕೆ, ಕಾಯಿ ಒಡೆಸುವುದು ಅವರ ಜಾಯಮಾನವಲ್ಲ. ಆಟಕ್ಕೆ ಹೋದರೆ ಮೊದಲ ವೇಷ ಬರುವ ಮೊದಲೇ ತೂಕಡಿಸುವವರು. “ದೇವ್ರ್ ಹತ್ರ ಕೇಂಬುಕೆ ನಂಗ್ ಎಂತದೂ ಇಲ್ಲ” ಎಂದು ನಗುತ್ತಿದ್ದರು. ಹಾಗಾಗಿ ಅವರು ಬುದ್ಧಿ ಹೇಳಿ, ಅದು ಯಂತ್ರದ ತಪ್ಪು ಅಮ್ಮ, ಅಳಿಸಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ ಎಂದು ನಾನು ಕಾದೆ.

“ಎರ್ಡನೇದ್ ನನ್ನ್ ಹೆಸ್ರಿಗ್ ಮಾಡಿ,” ಎಂದರು ಮ್ಯಾನೇಜರಿಗೆ.

“ಎಂತ ಮಾತ್ ಟೀಚ್ರೆ. ಒತ್ತಿದ್ ನಾನ್.”

“ನೀವ್ ಎರ್ಡ್ ಸಲ ಒತ್ತುದ್ ಊರಿಗೇ ಗೊತ್ತಿತ್ತ್. ನಂಗೂ ಗೊತ್ತಿತ್ತ್. ಗೊತ್ತಿದ್ ಮೇಲೆ ಒಂದ್ ಏಟಿಗೇ ಅದ್ ಬಾಗ್ಲ್ ಹಾಕ್ಕಣ್ಕ್ ಅಂದ್ ನಾನ್ ಪ್ರೋಗ್ರಾಮಂಗೆ ಬರಿಲಿಲ್ಲ ಅಲ್ದಾ.”

ಒಂದು ಆಟ ಆಡಿಸುವುದೆಂದರೆ ಒಂದು ಮದುವೆ ಮಾಡಿದಷ್ಟು ಖರ್ಚು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಕಡೆಗೆ ಕೊಡೆಯ ತುದಿ ಹಿಡಿದು ಎಳೆದೆ. ಅವರು ಕೊಡೆಯನ್ನು ಇನ್ನೊಂದು ಕೈಗೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಎರಡನೇ ದಿನವನ್ನು ಆ ಅಮ್ಮನ ಹೆಸರಿನಿಂದ ಬಿಡಿಸಿ, ತಮ್ಮ ಹೆಸರು ಹೊಡೆದರು, ಊರು ಹೊಡೆದರು. ‘ಹರಕೆಯ ಕಾರಣ’ ಬಂದಾಗ ಕೈ ನಿಂತಿತು. ಕಂಡಕ್ಟರು ಕೂಗದೆ ಅವರ ಕೈ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಖಾಲಿ ಬಿಟ್ಟು ಮುಂದೆ ಹೋಗಲಿಕ್ಕೆ ಪ್ರೋಗ್ರಾಮ್ ಬಿಡುವುದಿಲ್ಲ. ಹಾಗೆ ಬರೆದವರು ಅವರೇ. ಕಾರಣ ಬರೆಸಲು ಜನ ಸಂಕೋಚಪಡುತ್ತಾರೆ, ಮ್ಯಾನೇಜರು ಕೇಳದೆ ದಾಟಿಸಿಬಿಡುತ್ತಾರೆ, ಕೇಳಲೇಬೇಕು ಎಂದು ಹಟ ಹಿಡಿದು ಮಾಡಿದ್ದು. ಈಗ ತಾವೇ ಸಿಕ್ಕಿಬಿದ್ದರು.

“ಇಷ್ಟಾರ್ಥಸಿದ್ಧಿ ಅಂದ್ ಹಾಕಿ,” ಎಂದರು ಮ್ಯಾನೇಜರು.

“ಇಲ್ಲದ್ದನ್ನ ಎಂತಕ್ ಬರೂದ್?” ಎಂದು ಟೀಚರ್ ಕಿಟಕಿಯ ಹೊರಗೆ ನೋಡಿದರು. ಆಮೇಲೆ ಬೆರಳು ಓಡಿತು. ‘ಆಮೇಲೆ ಹೇಳ್ತೆ.’ ಬರವಣಿಗೆಯ ಕನ್ನಡವೂ ಅಲ್ಲ, ಶುದ್ಧ ಕುಂದಾಪ್ರ. ಮೌಸ್ ಹಿಡಿದು ನೀಲಿ ವಾಕ್ಯವನ್ನು ಒಂದೇ ಸಲ, ಮೆಲ್ಲ ಒತ್ತಿದರು. ಚೀಟಿ ಒಳಗೆ ಹೋಗಿ ಕುಂಕುಮ ಹಚ್ಚಿಕೊಂಡು ಬಂತು. ಆ ಅಮ್ಮ ಎದ್ದು ಬಂದು ಟೀಚರ ಕೈ ಹಿಡಿದುಕೊಂಡರು.

ಆ ವಾರವೇ ಪ್ರೋಗ್ರಾಮ್ ಸರಿಮಾಡಿದರು. ಮೊದಲ ಏಟು ಬಿದ್ದ ಕೂಡಲೇ ಲಿಂಕ್ ಬೂದಿಯಾಗಿ ಕಲ್ಲಿನ ಹಾಗೆ ಕೂರುತ್ತದೆ, ಮತ್ತೆ ಎಷ್ಟು ಒತ್ತಿದರೂ ಕೇಳುವುದಿಲ್ಲ. ಐಸ್ ಪ್ಲಾಂಟು, ಮಿಲ್ಲು, ಕ್ಲಿನಿಕ್ಕು, ಎಲ್ಲದಕ್ಕೂ ಹಾಗೇ ಮಾಡಿ ನನ್ನನ್ನು ಊರೂರು ಓಡಿಸಿದರು. ದಾರಿಯಲ್ಲೆಲ್ಲ ನನಗೆ ಒಂದೇ ಯೋಚನೆ. ನಂಬದ ಹೆಂಗಸು ಹರಕೆ ಹೊತ್ತದ್ದು ಯಾಕೆ? ತಪ್ಪಿಗೆ ದಂಡವೋ, ಆ ಅಮ್ಮನ ಮೇಲಿನ ಕನಿಕರವೋ, ಇಲ್ಲ ಒಳಗೊಳಗೇ ಏನಾದರೂ ಇತ್ತೋ? ನೇರ ಕೇಳಿದೆ. “ಆಮೇಲೆ ಹೇಳ್ತೆ ಅಂದೆ ಅಲ್ದನಾ?” ಎಂದು ಚಹಾದ ಕೆನೆ ಎತ್ತಿದರು. ವರ್ಷ ಕಳೆದ ಹಾಗೆ ಅದು ನಮ್ಮಿಬ್ಬರ ತಮಾಷೆಯಾಯಿತು. ನಾನು ಮಾಳಿಗೆ ಹತ್ತಿ ಬಾಗಿಲಲ್ಲಿ ನಿಂತು, “ಹ್ವಾಯ್, ಈಗ ಹೇಳ್ತ್ರಿಯಾ?” ಎಂದು ಕೇಳುವುದು, ಅವರು ಕಿಟಕಿಯಿಂದ ಕಣ್ಣು ತೆಗೆಯದೆ, “ಬಸ್ಸ್ ಬತ್ತ್, ನಾಳೆ” ಎನ್ನುವುದು.

ಕಳೆದ ಮಳೆಗಾಲದಲ್ಲಿ ಜ್ವರ ಎಂದು ಎರಡು ದಿನ ಬರಲಿಲ್ಲ. ಮೂರನೆಯ ದಿನ ಅವರ ತಂಗಿ ಫೋನು ಮಾಡಿದರು. ನಾನು ಮೇಲೆ ಹೋಗಿ ಕಂಪ್ಯೂಟರ್ ಹಾಕಿದರೆ ಪರದೆಯಲ್ಲಿ ಒಂದು ಶಬ್ದ ಅರ್ಧಕ್ಕೆ ನಿಂತಿತ್ತು. ನಾನು ಅಲ್ಲೇ ಕೂತು ಅತ್ತೆ. ಅದನ್ನು ಪೂರ್ತಿ ಮಾಡುವುದು ಹೇಗೆಂದು ನನಗೆ ತಿಳಿಯದು.

ಫೋನು ಬಂದ ಮೇಲೆ ನಾನು ಕಾರಣ ಹುಡುಕಿಕೊಂಡು ಹೊರಟೆ. ಕಿರಿಮಂಜೇಶ್ವರದಲ್ಲಿ ಅವರ ತಂಗಿ ಆಟಕ್ಕೆ ಬೇಕಾದ್ದನ್ನೆಲ್ಲ ಆಗಲೇ ಅಣಿ ಮಾಡಿದ್ದರು, ಅಕ್ಕ ಇದ್ದಾಗಲೇ ಎಲ್ಲ ಹೇಳಿಟ್ಟಿದ್ದರಂತೆ. ಕಾರಣ ಮಾತ್ರ ಹೇಳಿರಲಿಲ್ಲ. “ನಂಗ್ ಸಕ್ಕರೆಕಾಯ್ಲೆ ಇತ್ತಲ್ದಾ, ಅದ್ಕೇ ಇರ್ಕ್,” ಎಂದರು ತಂಗಿ. ಸ್ವಲ್ಪ ಹೊತ್ತಿಗೆ ಅವರೇ, “ಅಲ್ಲ, ಅದ್ ಮೊನ್ನೆ ಮೊನ್ನೆ ಬಂದದ್ದ್,” ಎಂದರು. ಮ್ಯಾನೇಜರು ಲೋಕಕಲ್ಯಾಣ ಎಂದುಬಿಡುವ ಎಂದರು. ಟೀಚರ್ ಕೇಳಿದರೆ ಸ್ಕೇಲು ತೆಗೆದುಕೊಂಡು ಬಂದಾರು. ನಾನು ಮನಸ್ಸಿನಲ್ಲೇ ಒಂದಷ್ಟು ಕಾರಣ ಹೊಲಿದು ನೋಡಿದೆ, ಯಾವುದೂ ಅವರ ಅಳತೆಯದಲ್ಲ.

ಆಟದ ದಿನ ಹೊತ್ತು ಮುಳುಗುವಾಗ ಚೌಕಿಯಲ್ಲಿ, ಅಂದರೆ ವೇಷದವರು ಬಣ್ಣ ಹಚ್ಚಿಕೊಳ್ಳುವ ಚಪ್ಪರದಲ್ಲಿ, ಪೂಜೆಗೆ ದೀಪ ಹಚ್ಚಿದರು. ಮರವಂತೆಯ ಆ ಅಮ್ಮ ಬಂದಿದ್ದರು. ಹಿಂದಿನ ದಿನವಷ್ಟೇ ಅವರ ಮನೆ ಬಯಲಿನಲ್ಲಿ ಅವರ ಆಟ ಆಗಿತ್ತು. ಮಲ್ಲಿಗೆ ಚೆಂಡು ಹಿಡಿದುಕೊಂಡು ಕಂಬಕ್ಕೆ ಆತು ನಿಂತಿದ್ದರು. ಮುಖ ಬಾಡಿತ್ತು. ಹರಕೆ ತೀರಿದವರ ಮುಖ ಹಾಗಿರುವುದಿಲ್ಲ.

“ಆಟ ಚಂದ ಆಯ್ತಾ ಅಮ್ಮ?” ಎಂದೆ.

“ಚಂದ ಆಯ್ತ್ ಮಗಾ. ಮಾಣಿ ಇವತ್ ಬೆಳಿಗ್ಗೆ ಬೋಟಿಗ್ ಹೋಯ್ದ. ಇಷ್ಟ್ ವರ್ಷ ಅವ ಹೋಪತಿಗೆ ನಾನ್ ಹೆದ್ರಲಿಲ್ಲ, ಅಮ್ಮಂಗ್ ನಾವ್ ಕೊಡುದ್ ಬಾಕಿ ಇತ್ತ್, ಅವ್ಳ್ ನಮ್ಮನ್ನ ಮರೂದಿಲ್ಲ ಅಂದ್ ಇದ್ದೆ. ನಿನ್ನೆ ನನ್ದ್ ತೀರ್ತ್. ಇವತ್ ಟೀಚರ್ದೂ ತೀರತ್ತ್.” ಸೆರಗಿನಿಂದ ಮೂಗು ಒರೆಸಿಕೊಂಡರು. “ಮುಂದೆ ಎಂತ ಧೈರ್ಯ ನಂಗೆ?”

ಅಷ್ಟರಲ್ಲಿ ಭಟ್ಟರು ಕರೆದರು.

ತಂಗಿ ಮುಂದೆ ನಿಂತರು, ನಾನು ಅವರ ಪಕ್ಕ. ಭಟ್ಟರು ಹೆಸರು ಕೇಳಿದರು, ತಂಗಿ ಹೇಳಿದರು. “ಕಾರಣ?” ಎಂದರು. ತಂಗಿ ನನ್ನನ್ನು ನೋಡಿದರು. ನಾನು ಮ್ಯಾನೇಜರನ್ನು ನೋಡಿದೆ. ಅವರ ಬಾಯಿಂದ ಲೋಕಕಲ್ಯಾಣ ಹೊರಡುವುದರಲ್ಲಿತ್ತು. ಅರ್ಧ ಬಣ್ಣ ಹಚ್ಚಿದ ವೇಷದವರು ಕನ್ನಡಿ ಬಿಟ್ಟು ತಿರುಗಿ ನೋಡಿದರು.

“ಅವ್ರ್ ಆಮೇಲ್ ಹೇಳ್ತೆ ಅಂದಿರಲ್ದಾ ಭಟ್ರೆ,” ಎಂದಿತು ಹಿಂದಿನಿಂದ ಒಂದು ಸ್ವರ. ಆ ಅಮ್ಮ ಕಂಬ ಬಿಟ್ಟು ಮುಂದೆ ಬಂದಿದ್ದರು. “ಹಾಂಗೇ ಹೇಳಿ. ನೀವ್ ಬೇರೆ ಎಂತದೂ ಸೇರ್ಸಬೇಡಿ. ಅದೊಂದ್ ಬಾಕಿ ಇರ್ಲಿ.”

ಭಟ್ಟರು ಒಂದು ಗಳಿಗೆ ಅವರನ್ನೂ ದೀಪವನ್ನೂ ನೋಡಿದರು. ನಾನು ಅಂದುಕೊಂಡೆ, ಈಗ ಗದರುತ್ತಾರೆ. ಅವರು ಕಣ್ಣು ಮುಚ್ಚಿ, ಉಳಿದ ದಿನ ಹೇಳುವ ಅದೇ ರಾಗದಲ್ಲಿ ಹೇಳಿದರು: “ಅಮ್ಮಾ, ನಿನ್ನ ಮಗಳು ಒಪ್ಪಿಸಿದ ಸೇವೆ ಇದು. ಕಾರಣವನ್ನು ಅವಳು ಆಮೇಲೆ ಹೇಳುತ್ತಾಳಂತೆ. ಅಲ್ಲಿಯವರೆಗೆ ನೆಲದ ಮೇಲಿದ್ದವರು, ಕಡಲ ಮೇಲಿದ್ದವರು, ಎಲ್ಲರ ಮೇಲೂ ನಿನ್ನ ಕಣ್ಣಿರಲಿ.”

ಯಾರೂ ನಗಲಿಲ್ಲ. ಗಂಟೆ ಬಾರಿಸಿದರು. ಆ ಅಮ್ಮ ಮಲ್ಲಿಗೆ ಚೆಂಡನ್ನು ದೀಪದ ಬುಡದಲ್ಲಿಟ್ಟು, ಬೋಟಿನಲ್ಲಿರುವ ಮಗನಿಗೋ ಟೀಚರಿಗೋ ಗೊತ್ತಿಲ್ಲ, ಬಾಯಲ್ಲೇ ಏನೋ ಹೇಳಿಕೊಂಡರು. ಮುಖ ಹಗುರಾಗಿತ್ತು. ನಾನು ಅವರಷ್ಟು ನಂಬುವವನಲ್ಲ, ಟೀಚರಷ್ಟು ನಂಬದವನೂ ಅಲ್ಲ. ಈ ಬಾಕಿ ಉಳಿಯಲಿ ಎಂದೇ ಟೀಚರ್ ಹಾಗೆ ಬರೆದರೋ, ಏನೂ ತೋಚದೆ ಬರೆದರೋ, ಇನ್ನು ಯಾರನ್ನು ಕೇಳಲಿ?

ಚೌಕಿಯಿಂದ ಹೊರಗೆ ಬರುವಾಗ ಮ್ಯಾನೇಜರು ನನ್ನ ತೋಳು ಹಿಡಿದರು. “ನಾಳೆ ಆಫೀಸಿಗ್ ಹೋದ್ ಕೂಡ್ಲೆ ಟೀಚರ್ದ್ ‘ಸೇವೆ ಮುಗಿಯಿತು’ ಒಂದ್ ಒತ್ತುಕ್ ಇತ್ತ್,” ಎಂದರು. “ಒಂದೇ ಸಲ ಒತ್ತುತ್ತೆ ನಾನ್, ಮೆಲ್ಲ. ನೀವ್ ಹೆದ್ರಬೇಡಿ.”

“ಒತ್ತಬೇಡಿ,” ಎಂದೆ.

“ನೀಲಿ ಹಾಂಗೇ ಇರ್ಕಾ?”

“ಇರ್ಲಿ.”

ಅವರು ತಮ್ಮ ತೋರುಬೆರಳನ್ನು ಒಮ್ಮೆ ನೋಡಿಕೊಂಡು, ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.